ಬಾಯಿಗೆ ಹಾಕಿದ ಸಕ್ಕರೆ

ನಮ್ಮ ಮನೆಯ ಅಟ್ಟದ ಮೇಲೆ ಒಂದು ಹಾರ್ಮೋನಿಯಂ ಇದೆ. ಅದರ ಪಕ್ಕದಲ್ಲಿ ಸ್ಕೇಟಿಂಗ್ ಬೂಟು, ಕರಾಟೆಯ ಬಿಳಿ ಅಂಗಿ, ಒಂದು ಚೆಸ್ ಬೋರ್ಡು, ಬಣ್ಣ ಒಣಗಿ ಕಲ್ಲಾದ ಟ್ಯೂಬುಗಳ ಡಬ್ಬಿ. ಎಲ್ಲವೂ ನನ್ನ ಮಗಳವು. ಒಂದೊಂದನ್ನೂ ನಾನೇ ಆಸೆಯಿಂದ ಕೊಡಿಸಿದ್ದೆ, ಒಂದೊಂದನ್ನೂ ನಾನೇ ಸಿಟ್ಟಿನಿಂದ ಮೇಲೆ ಎಸೆದಿದ್ದೆ. ದೀಪಾವಳಿಗೆ ಧೂಳು ಹೊಡೆಯಲು ಏಣಿ ಹತ್ತಿದಾಗ ಅವನ್ನೆಲ್ಲ ಒಟ್ಟಿಗೆ ನೋಡಿ ನನಗೆ ಹೆದರಿಕೆಯಾಯಿತು. ಹನ್ನೊಂದು ವರ್ಷದ ಹುಡುಗಿಯ ಸಾಮಾನು ಹೀಗೆ ಒಂದು ಮೂಲೆಯಲ್ಲಿ ಗುಡ್ಡೆ ಬಿದ್ದಿದ್ದರೆ, ಆ ಹುಡುಗಿ ಈ ಮನೆಯಲ್ಲಿ ಇಲ್ಲವೇನೋ ಅನಿಸುತ್ತದೆ. ಆದರೆ ಅವಳು ಕೆಳಗೇ ಇದ್ದಳು, ಏಣಿ ಹಿಡಿದುಕೊಂಡು ನಿಂತಿದ್ದಳು.

"ಇವನ್ನೆಲ್ಲಾ ಯಾರಿಗಾರ ಕೊಟ್ಟಬಿಡ್ಲೇನು?" ಎಂದು ಮೇಲಿನಿಂದಲೇ ಹೆದರಿಸಿದೆ. ಬೇಡ ಎನ್ನಲಿ ಎಂಬುದು ನನ್ನ ಆಸೆ.

"ನೀ ಹೇಳಿದಂಗ," ಅಂದಳು.

ಈ ಒಂದು ಮಾತು ನನ್ನ ಪ್ರಾಣ ತಿನ್ನುತ್ತಿತ್ತು. ಮಕ್ಕಳು ಒಲ್ಲೆ ಎನ್ನಬೇಕು, ಕಾಲು ಅಪ್ಪಳಿಸಬೇಕು, ಬಾಗಿಲು ಧಡ್ ಎಂದು ಹಾಕಿಕೊಳ್ಳಬೇಕು. ನಾನು ಆ ವಯಸ್ಸಿನಲ್ಲಿ ಒಲ್ಲೆ ಒಲ್ಲೆ ಎಂದು ಅವ್ವನ ಕೈಯಲ್ಲಿ ಬೇಕಾದಷ್ಟು ಏಟು ತಿಂದವಳು. ಇವಳು ಒಲ್ಲೆ ಎನ್ನುವುದೇ ಇಲ್ಲ. ಕ್ಲಾಸಿಗೆ ಹೋಗು ಅಂದರೆ ಹೋಗುತ್ತಾಳೆ, ಬಿಡು ಅಂದರೆ ಬಿಡುತ್ತಾಳೆ. ಊಟಕ್ಕೆ ಏನು ಮಾಡಲಿ ಅಂದರೂ ನೀ ಹೇಳಿದಂಗ, ಹುಟ್ಟುಹಬ್ಬಕ್ಕೆ ಯಾವ ಬಣ್ಣದ ಫ್ರಾಕು ಅಂದರೂ ನೀ ಹೇಳಿದಂಗ. ಮನೆಯಲ್ಲಿ ಒಬ್ಬ ಬಾಡಿಗೆಯ ಹುಡುಗಿಯನ್ನು ಇಟ್ಟುಕೊಂಡಂತಾಗಿತ್ತು.

ವಿಜಯಪುರದ ಗಾಂಧಿ ಚೌಕದ ಹಿಂದಿನ ಓಣಿಯಲ್ಲಿ ನಮ್ಮದು ಬಾಂಡೆ ಅಂಗಡಿ. ಸ್ಟೀಲು, ತಾಮ್ರ, ಹಿತ್ತಾಳೆಯ ಪಾತ್ರೆಗಳು. ಮಧ್ಯಾಹ್ನ ಗಂಡ ಊಟಕ್ಕೆ ಬಂದಾಗ ಅಂಗಡಿಯಲ್ಲಿ ನಾನು ಕೂರುತ್ತೇನೆ. ಪಾಪ, ಕುಕ್ಕರ್ ಕೊಳ್ಳಲು ಬಂದ ಹೆಂಗಸರು ನನ್ನ ಕೈಗೆ ಸಿಕ್ಕಿಬೀಳುತ್ತಿದ್ದರು. ನಿಮ್ಮ ಮಕ್ಕಳು ಸಾಲಿ ಬಿಟ್ಟು ಬೇರೆ ಏನು ಮಾಡ್ತಾವ್ರೀ ಎಂದು ಕೇಳುತ್ತಿದ್ದೆ. ಒಬ್ಬಾಕೆಯ ಮಗನಿಗೆ ತಬಲಾದ ಹುಚ್ಚು, ಇನ್ನೊಬ್ಬಾಕೆಯ ಮಗಳಿಗೆ ಬೆಕ್ಕಿನ ಮರಿಗಳ ಹುಚ್ಚು, ಮತ್ತೊಬ್ಬಾಕೆಯ ಮಗ ಇಡೀ ದಿನ ಹಳೆಯ ರೇಡಿಯೊ ಬಿಚ್ಚಿ ಕೂರುತ್ತಾನೆ. ಅವರು ದೂರು ಹೇಳುತ್ತಿದ್ದರು, ನನಗೆ ಹೊಟ್ಟೆ ಉರಿಯುತ್ತಿತ್ತು.

ಸಲಹೆಗಳಿಗೇನು ಬರವಿಲ್ಲ. ಮೊಬೈಲ್ ಕಸಿದುಕೋ ಅಂದರು. ಕೈ ಚಾಚಿದೆ, ಅವಳೇ ತಂದು ಕೊಟ್ಟಳು. ಮೊಬೈಲ್ ಕಸಿದುಕೊಂಡರೆ ಅಳದ ಮಗುವನ್ನು ಈ ಕಾಲದಲ್ಲಿ ಯಾರು ನೋಡಿದ್ದಾರೆ? ದೃಷ್ಟಿಯಾಗಿದೆ ಅಂದರು, ಮೆಣಸಿನಕಾಯಿ ಇಳಿಸಿ ಒಲೆಗೆ ಹಾಕಿದೆ. ಡಾಕ್ಟರು ರಕ್ತ ನೋಡಿದರು, ಕಣ್ಣು ನೋಡಿದರು, ಎಲ್ಲ ಸರಿ ಇದೆ, ವಯಸ್ಸೇ ಹಾಗೆ ಅಂದರು. ಹಾರ್ಮೋನಿಯಂ ಮಾಸ್ತರರು ಮಾತ್ರ ಬೇರೆ ಮಾತು ಹೇಳಿದರು.

"ಕಿವಿ ಐತ್ರಿ, ಕಂಠ ಐತಿ, ಬೆರಳೂ ಹೇಳಿದಂಗ ಕೇಳ್ತಾವ. ಆದರ ಬಾರಸಾಕಿ ಎಲ್ಲೋ ಹೋಗ್ಯಾಳ್ರಿ."

ಅವತ್ತು ಮನೆಗೆ ಬಂದು ನನಗೆ ತಡೆಯಲಾಗಲಿಲ್ಲ. ಅವಳ ಎರಡೂ ಭುಜ ಹಿಡಿದು ಅಲ್ಲಾಡಿಸಿದೆ. "ಮುಂದ ನಿನಗ ಏನ ಆಗೂದೈತಿ ಹೇಳಬೇ! ಒಂದಾರ ಹೇಳ!"

ಅವಳು ನನ್ನ ಮುಖವನ್ನೇ ನೋಡಿದಳು. ಸಿಟ್ಟಿರಲಿಲ್ಲ, ಹೆದರಿಕೆಯೂ ಇರಲಿಲ್ಲ.

"ನಿನಗ ಗೊತ್ತೈತೆಲ್ಲ," ಅಂದಳು.

ಎದುರು ಮಾತು ಅಂದುಕೊಂಡು ಇನ್ನೂ ಬೈದೆ.

ಹಿಂದಿನ ಬೇಸಿಗೆಯವರೆಗೆ ಅವಳು ಹೀಗಿರಲಿಲ್ಲ. ನನ್ನ ಅಣ್ಣನ ದ್ರಾಕ್ಷಿ ತೋಟ ಟಿಕೋಟಾದಾಚೆ, ಕನಮಡಿ ಕಡೆಗೆ ಹೋಗುವ ದಾರಿಯಲ್ಲಿದೆ. ಅಲ್ಲಿ ಅಣ್ಣ, ವೈನಿ, ಅವರ ಒಬ್ಬನೇ ಮಗ, ಮತ್ತು ನನ್ನ ಅವ್ವ, ಮಗಳ ಬಾಯಲ್ಲಿ ಆಯಿ, ಇರುತ್ತಾರೆ. ಸೂಟಿ ಬಿದ್ದರೆ ಸಾಕು, ನನ್ನ ಮಗಳು ಅಲ್ಲಿಗೆ ಓಡುವವಳು. ಒಣದ್ರಾಕ್ಷಿ ಮಾಡುವ ಶೆಡ್ಡಿನ ಹಸಿರು ಬಲೆಯ ಹಿಂದೆ ಬಚ್ಚಿಟ್ಟುಕೊಳ್ಳುವುದು, ಹಂದರದ ಕೆಳಗೆ ಬಗ್ಗಿ ಬಗ್ಗಿ ಓಡುವುದು, ಅಣ್ಣನ ಮಗನ ಬೈಕಿನ ಹಿಂದೆ ಕೂತು ಟಿಕೋಟಾಕ್ಕೆ ಹೋಗಿ ಬರುವುದು. ಅವನಿಗೆ ಆಗ ಹತ್ತೊಂಬತ್ತು. ಇವಳು ಮಾತು ಕಲಿತಾಗಿನಿಂದ ಅವನನ್ನು ಹೆಸರು ಹಿಡಿದೇ ಕರೆದವಳು. ಮುಂದೊಂದು 'ಲೇ' ಸೇರಿಸಿ, ತೋಟದ ಆ ತುದಿಗೆ ಕೇಳುವಂತೆ. ಸೋದರಮಾವನ ಮಗನನ್ನು ಅಣ್ಣ ಎನ್ನುವ ರೂಢಿ ನಮ್ಮಲ್ಲಿಲ್ಲ. ಯಾಕಿಲ್ಲ ಎಂಬುದು ಎಲ್ಲರಿಗೂ ಗೊತ್ತು, ಗೊತ್ತಿರುವುದರಿಂದಲೇ ಯಾರೂ ಅದನ್ನು ಯೋಚಿಸುವುದಿಲ್ಲ. ಇವಳು ತೊಟ್ಟಿಲಲ್ಲಿದ್ದಾಗಿನಿಂದ ವೈನಿ "ನಮ್ಮನಿಗಿ ಬರಾಕಿ" ಎಂದು ಮುದ್ದು ಮಾಡುತ್ತಿದ್ದಳು. ಯಾವ ಮನೆಯಲ್ಲಿ ಈ ಚೇಷ್ಟೆ ಇಲ್ಲ? ನನಗೂ ನನ್ನ ಸೋದರಮಾವನನ್ನು ತೋರಿಸಿ ಚಿಕ್ಕಂದಿನಲ್ಲಿ ಹಾಗೇ ಕಾಡಿಸಿದ್ದರು. ಆತ ಬೇರೆ ಕಡೆ ಮದುವೆಯಾದ, ನಾನು ಬೇರೆ ಕಡೆ ಮದುವೆಯಾದೆ. ಚೇಷ್ಟೆ ಚೇಷ್ಟೆಯಾಗಿಯೇ ಮುಗಿದಿತ್ತು.

ಆ ಬೇಸಿಗೆಯಲ್ಲಿ ಅಣ್ಣ ತೋಟದಲ್ಲಿ ಹೊಸ ಮನೆ ಕಟ್ಟಿಸಿ ವಾಸ್ತುಶಾಂತಿ ಇಟ್ಟುಕೊಂಡ. ದ್ರಾಕ್ಷಿಯ ಕೆಲಸ ಆಗಷ್ಟೇ ಮುಗಿದಿತ್ತು, ಶೆಡ್ಡಿನ ಕಡೆಯಿಂದ ಇನ್ನೂ ಗಂಧಕದ ವಾಸನೆ ಬರುತ್ತಿತ್ತು. ಪೂಜೆ ಮುಗಿದ ಮೇಲೆ ಹೆಂಗಸರೆಲ್ಲ ಹೊಸ ಬಾಗಿಲು ಅಡ್ಡಗಟ್ಟಿ ನಿಂತರು. ಗಂಡನ ಹೆಸರು ಹೇಳದೆ ಯಾರನ್ನೂ ಒಳಗೆ ಬಿಡುವುದಿಲ್ಲ. ಬರೀ ಹೆಸರು ಹೇಳಿದರೆ ನಡೆಯುವುದಿಲ್ಲ, ಒಡಪು ಕಟ್ಟಿ, ಪ್ರಾಸ ಹಿಡಿದು, ಅದರೊಳಗೆ ಹೆಸರು ಸೇರಿಸಬೇಕು. ದಿನವೂ ಗಂಡನ ಹೆಸರು ಬಾಯಲ್ಲಿ ತರದ ನಮ್ಮ ಹೆಂಗಸರಿಗೆ ಅದೊಂದು ದೊಡ್ಡ ಮೋಜು. ನಾನೂ ಒಂದು ಒಡಪು ಹೇಳಿ ಒಳಗೆ ಹೋಗಿ, ಸೀದಾ ಹಿತ್ತಿಲಿಗೆ ದಾಟಿ, ಹೋಳಿಗೆಯ ಒಲೆಯ ಮುಂದೆ ಕೂತೆ.

ಸ್ವಲ್ಪ ಹೊತ್ತಿಗೆ ತಲಬಾಗಿಲಲ್ಲಿ ಗೊಳ್ ಎಂದು ನಗು. ವೈನಿ ಓಡುತ್ತ ಬಂದಳು. ನನ್ನ ಎರಡೂ ಕೈಯಲ್ಲಿ ಹೂರಣ. ಕೈ ಒರೆಸಿಕೊಳ್ಳುವ ಮೊದಲೇ ಒಂದು ಹಿಡಿ ಸಕ್ಕರೆಯನ್ನು ನನ್ನ ಬಾಯಿಗೆ ತುರುಕಿದಳು.

"ತಿನ್ನು, ತಿನ್ನು. ಚಲೋ ಗಳಿಗಿ ಐತಿ," ಅಂದಳು.

ಹೊಸ ಮನೆಯ ಸಿಹಿ ಎಂದುಕೊಂಡು ತಿಂದೆ. ನಗುತ್ತಲೇ ತಿಂದೆ. ಹಿಂದೆ ಬಾಗಿಲಲ್ಲಿ ನನ್ನ ಮಗಳು ನಿಂತಿದ್ದಳೆಂದು ಈಗ ನೆನಪಾಗುತ್ತದೆ. ಅವತ್ತು ಸಂಜೆ ವಿಜಯಪುರಕ್ಕೆ ವಾಪಸು ಬರುವಾಗ ಅವಳ ಕಾಲಲ್ಲಿ ಅವ್ವ ಹಾಕಿದ ಬೆಳ್ಳಿ ಗೆಜ್ಜೆ ಇತ್ತು. ಅವಳು ಕಾಲು ಅಲ್ಲಾಡಿಸದೆ ಕೂತಿದ್ದಳು. ದಣಿದಿದ್ದಾಳೆ ಎಂದುಕೊಂಡೆವು.

ಇದಾದ ಮೇಲೆ ಸಾಲಿ ಶುರುವಾಯಿತು, ಒಂದೊಂದೇ ಕ್ಲಾಸು ಬಿಟ್ಟುಹೋಯಿತು. ಪ್ರತಿ ರವಿವಾರ ವೈನಿಯ ಫೋನು ತಪ್ಪದೆ ಬರುತ್ತಿತ್ತು. ಹುಡುಗಿ ಹೆಂಗದಾಳ, ಎಷ್ಟ ಎತ್ತರ ಆಗ್ಯಾಳ, ಮನಿ ಕೆಲಸ ಏನಾರ ಕಲತಾಳೇನು ಎಂದು ಕೇಳುತ್ತಿದ್ದಳು. ಎಷ್ಟು ಕಾಳಜಿ ಎಂದು ನನಗೆ ಸಂತೋಷವಾಗುತ್ತಿತ್ತು.

ಚಳಿಗಾಲದಲ್ಲಿ ಒಂದು ದಿನ ಅವಳಾಗಿಯೇ ಅಡುಗೆಮನೆಗೆ ಬಂದು, "ಮಮ್ಮಿ, ನನಗ ರೊಟ್ಟಿ ಬಡಿಯೂದ ಕಲಸು," ಅಂದಳು. ನಾನು ಕುಣಿದಾಡಿದೆ. ಅಂತೂ ಇವಳಿಗೊಂದು ಹವ್ಯಾಸ ಬಂತು! ಹಿಟ್ಟು ನಾದಲು ಅಂಗಡಿಯಿಂದ ಸಣ್ಣದೊಂದು ಪರಾತ ತಂದುಕೊಟ್ಟೆ. ಬೇಗ ಕಲಿತಳು. ಆದರೆ ಮೊದಲ ರೊಟ್ಟಿ ಉಬ್ಬಿದಾಗ ಯಾವ ಮಗುವಾದರೂ ಕಿರಿಚುತ್ತದೆ, ಇವಳು ಅದನ್ನು ತೆಗೆದಿಟ್ಟು ಇನ್ನೊಂದನ್ನು ಹಂಚಿಗೆ ಹಾಕಿದಳು. ಬೆರಳು ಸುಟ್ಟುಕೊಂಡರೂ ಹೇಳುತ್ತಿರಲಿಲ್ಲ, ಮರುದಿನ ಗುಳ್ಳೆ ನೋಡಿ ನನಗೆ ಗೊತ್ತಾಗುತ್ತಿತ್ತು.

"ಹತ್ತ ಆಳಿನ ಬುತ್ತಿಗಿ ಎಷ್ಟ ಹಿಟ್ಟ ಬೇಕಾಗತೈತಿ?" ಎಂದು ಒಮ್ಮೆ ಕೇಳಿದಳು.

"ಯಾವ ಆಳಬೇ?"

"ಕಟಾವಿಗಿ ಬರೋ ಆಳು."

ನಮಗೆ ಹೊಲವಿಲ್ಲ, ಕಟಾವಿಲ್ಲ. ಓಣಿಯಲ್ಲಿ ಅಂಗಡಿ, ಮೇಲೆ ಮನೆ. "ಏನು, ದ್ರಾಕ್ಷಿ ಸಾವುಕಾರ್ತಿ ಆಗಾಕಿ ಏನು ನೀ?" ಎಂದು ಕಾಡಿಸಿದೆ. ಅವಳು ನಗಲಿಲ್ಲ. ಹಂಚಿನ ಮೇಲಿನ ರೊಟ್ಟಿ ಸೀದುಹೋಗುತ್ತಿತ್ತು, ಅದರ ಕಡೆ ತಿರುಗಿದೆ.

ಯುಗಾದಿಗೆ ಬಬಲೇಶ್ವರಕ್ಕೆ ಹೋದೆವು. ಅಲ್ಲಿ ನನ್ನ ಮೈದುನನ ಮನೆ, ಅತ್ತೆ ಅವನ ಜೊತೆ ಇರುತ್ತಾರೆ. ಅತ್ತೆಯದು ಒರಟು ಬಾಯಿ. ನನಗೂ ಅವರಿಗೂ ಹೇಳಿಕೊಳ್ಳುವಂಥ ಪ್ರೀತಿ ಎಂದೂ ಇರಲಿಲ್ಲ. ಪಡಸಾಲೆಯಲ್ಲಿ ಕೂತು ದೀಪದ ಬತ್ತಿ ಹೊಸೆಯುತ್ತಿದ್ದರು. ನನ್ನ ಫೋನು ಮಗಳ ಕೈಯಲ್ಲಿ ಗಂಟೆ ಹೊಡೆಯಿತು. ಅವಳು ಅದನ್ನು ನನ್ನ ಕಡೆ ಚಾಚಿದಳು.

"ಯಾರದ?" ಅಂದೆ.

"ಟಿಕೋಟಾದ್ದು."

"ಟಿಕೋಟಾದಾಗ ಯಾರು? ಮಾಮಾನೋ, ಆಯಿನೋ?"

"ಅಲ್ಲ. ಅವರು."

"ಅವರಂದ್ರ?"

"ಮಾಮಾನ ಮಗ," ಎಂದು ಹೇಳಿ ಫೋನನ್ನು ನನ್ನ ತೊಡೆಯ ಮೇಲಿಟ್ಟು ಹೊರಗೆ ಹೋದಳು. ಅಣ್ಣನ ಮಗ ಹಬ್ಬದ ನಮಸ್ಕಾರ ಹೇಳಲು ಫೋನು ಮಾಡಿದ್ದ. ನಾನು ಮಾತು ಮುಗಿಸಿ ನೋಡಿದರೆ ಅತ್ತೆಯ ಕೈ ನಿಂತಿತ್ತು.

"ಏನವಾ, ಈ ಕೂಸು ಆ ಹುಡುಗನ ಹೆಸರ ಯಾಕ ತಗೊಳ್ಳೂದಿಲ್ಲ?"

"ಮರ್ಯಾದಿ ಬಂದಿರಬೇಕ್ರಿ ಅತ್ತಿ," ಎಂದು ನಕ್ಕೆ.

ಅತ್ತೆ ನಗಲಿಲ್ಲ. "ನಿಮ್ಮ ಮಾವ ಇದ್ದಷ್ಟ ದಿನಾ ನಾ ಅವರ ಹೆಸರ ತಗೊಂಡಿಲ್ಲ. ಈಗೂ ತಗೊಳ್ಳೂದಿಲ್ಲ. ಹೆಸರ ನುಂಗೂ ಬಾಯಿ ಹೆಂಗಿರತೈತಿ ಅಂತ ನನಗ ಗೊತ್ತಾಗೂದಿಲ್ಲೇನು? ಮೊದಲ ಆಕೀನ್ನ ಕೇಳ ಹೋಗು."

ರೊಟ್ಟಿ, ಬುತ್ತಿ, ಕಟಾವು, ರವಿವಾರದ ಫೋನು ಎಲ್ಲ ಒಂದೇ ಏಟಿಗೆ ನೆನಪಾದವು. ಹಿತ್ತಿಲಲ್ಲಿ ಬೇವಿನ ಗಿಡದ ಕೆಳಗೆ ಅವಳು ಕೂತಿದ್ದಳು. ಪಕ್ಕದಲ್ಲಿ ಕೂತೆ.

"ಮಾಮಾನ ಮಗನ ಹೆಸರೇನು ಹೇಳು."

ಉದುರಿದ ಬೇವಿನ ಎಲೆಯೊಂದನ್ನು ಹೆಕ್ಕಿ ಮಡಚತೊಡಗಿದಳು.

"ಗೊತ್ತಿಲ್ಲೇನು?"

"ಗೊತ್ತೈತಿ. ಹೇಳಬಾರ್ದಂತ. ಆಯಿ ಹೇಳ್ಯಾಳ."

ಆಮೇಲೆ ನಾನು ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟಳು, ಮುಚ್ಚಿಡಲಿಲ್ಲ. ಮುಚ್ಚಿಡುವಂಥದ್ದು ಎಂದು ಅವಳಿಗೆ ಅನಿಸಿಯೇ ಇರಲಿಲ್ಲ. ವಾಸ್ತುಶಾಂತಿಯ ದಿನ ಇವಳು ಹೊಸ ಮನೆಯೊಳಗೆ ಓಡಲು ಹೋದಾಗ ಹೆಂಗಸರು ಬಾಗಿಲಲ್ಲಿ ತಡೆದರಂತೆ. ನೀನೂ ಹೆಸರು ಹೇಳು, ಆಮೇಲೆ ಬಿಡ್ತೀವಿ ಅಂದರಂತೆ. ಯಾರದ್ದು ಅಂದರೆ ಎಲ್ಲರೂ ಅವನ ಹೆಸರು ಹೇಳಿ ನಕ್ಕರಂತೆ. ಒಡಪನ್ನು ವೈನಿಯೇ ಕಿವಿಯಲ್ಲಿ ಊದಿದಳಂತೆ.

"ನಾ ಆಟ ಅಂತ ಹೇಳಿದೆ ಮಮ್ಮಿ. ಹೇಳಿದ ಕೂಡ್ಲೇ ಆಯಿ ಬಾಯಾಗ ಸಕ್ಕರಿ ಹಾಕಿದ್ಲು. ಇನ್ನ ನೀ ಈ ಮನಿಯಾಕಿ, ಇನ್ನ ಮ್ಯಾಲ ಅವನ ಹೆಸರ ಹಿಡದ ಕರೀಬ್ಯಾಡ, ಗಾಡಿ ಮ್ಯಾಲ ಕುಂಡ್ರಬ್ಯಾಡ ಅಂದ್ಲು."

"ನನಗ ಯಾಕ ಹೇಳಲಿಲ್ಲ?" ಎಂದು ಕೇಳಿದೆ.

ಅವಳು ಬೆರಗಿನಿಂದ ನನ್ನನ್ನು ನೋಡಿದಳು. "ನಿನಗೂ ಸಕ್ಕರಿ ಹಾಕಿದ್ರಲ್ಲ. ಮಾಮಿ ನನ್ನ ಕರಕೊಂಡ ಬಂದು ತೋರಿಸಿದ್ರು. ನೋಡು, ನಿಮ್ಮವ್ವನೂ ಒಪ್ಪ್ಯಾಳ ಅಂದ್ರು. ನೀ ನಗಕೋತ ತಿಂದಿ."

ನಮ್ಮಲ್ಲಿ ಮಾತು ಗಟ್ಟಿಯಾಗುವುದೇ ಹೀಗೆ. ಎರಡೂ ಕಡೆಯವರು ಒಬ್ಬರ ಬಾಯಿಗೆ ಒಬ್ಬರು ಸಕ್ಕರೆ ಹಾಕುತ್ತಾರೆ, ಅಲ್ಲಿಗೆ ಸಂಬಂಧ ನಿಂತಿತು. ಒಲೆಯ ಹೊಗೆಯಲ್ಲಿ, ಹೂರಣ ಮೆತ್ತಿದ ಕೈಯಲ್ಲಿ, ಏನು ಎತ್ತ ಕೇಳದೆ ನಾನು ನನ್ನ ಮಗಳ ಮಾತು ಗಟ್ಟಿ ಮಾಡಿ ಎದ್ದು ಬಂದಿದ್ದೆ.

"ಹಾರ್ಮೋನಿಯಂ ಕಲತು ಏನ ಮಾಡಲಿ ಮಮ್ಮಿ?" ಅಂದಳು. "ಟಿಕೋಟಾದಾಗ ಯಾರ ಕೇಳ್ತಾರ?"

ನಾನು ಅವಳನ್ನು ತಬ್ಬಿಕೊಂಡು ಅತ್ತುಬಿಟ್ಟೆ. ಒಂದು ವರ್ಷ ಅವಳಿಗೆ ಆಸೆ ಹುಟ್ಟಿಸಲು ಊರೆಲ್ಲ ಅಲೆದಿದ್ದೆ. ಅವಳ ಲೆಕ್ಕದಲ್ಲಿ ನಾನೇ ಅವಳನ್ನು ಕೊಟ್ಟು ಬಂದವಳು. ಕೊಟ್ಟ ಮೇಲೆ ಮತ್ತೆ ಯಾಕೆ ಕರಾಟೆ, ಯಾಕೆ ಚೆಸ್ಸು ಎಂಬುದು ಅವಳಿಗೆ ತಿಳಿದಿರಲಿಲ್ಲ, ಆದರೂ ನಾನು ಹೇಳಿದ ಕಡೆಯೆಲ್ಲ ಹೋಗಿ ಕೂತು ಬಂದಿದ್ದಳು. ನನಗೆ ಗೊತ್ತಿರಲಿಲ್ಲ, ನಾನು ಒಪ್ಪಿಲ್ಲ ಎಂದು ಅವತ್ತು ಎಷ್ಟು ಸಲ ಹೇಳಿದೆನೋ. ಅವಳು ತಲೆ ಆಡಿಸಿದಳು. ನಂಬಿದಳೋ ಇಲ್ಲವೋ ತಿಳಿಯಲಿಲ್ಲ.

ವಾಪಸು ಬಂದ ಮೇಲೆ ಅಂಗಡಿಯಲ್ಲಿ ಗಂಡನಿಗೆ ಎಲ್ಲ ಹೇಳಿದೆ. ಅವರು ಸಿಟ್ಟಿಗೇಳುತ್ತಾರೆ, ಈಗಲೇ ಟಿಕೋಟಾಕ್ಕೆ ಹೊರಡುತ್ತಾರೆ ಎಂದುಕೊಂಡಿದ್ದೆ.

"ನಾಳೆನ ಮದುವಿ ಮಾಡ್ತಾರೇನು? ಹೆಂಗಸೂರ ಚ್ಯಾಷ್ಟಿ ಅದು," ಅಂದರು.

"ಕೂಸು ಚ್ಯಾಷ್ಟಿ ಅಂತ ತಿಳಕೊಂಡಿಲ್ಲರೀ!"

ಅವರು ಒಂದು ತಂಬಿಗೆ ಒರೆಸುತ್ತಿದ್ದರು. ಒರೆಸಿ ಇಟ್ಟು, ಇನ್ನೊಂದು ತೆಗೆದುಕೊಂಡರು. "ಹಂಗ ನೋಡಿದ್ರ," ಎಂದು ಮೆಲ್ಲಗೆ ಅಂದರು, "ಹುಡುಗ ಕೆಟ್ಟಾಂವೇನಲ್ಲ. ಮನಿತನ ಗೊತ್ತಿದ್ದದ್ದು. ಕಣ್ಣ ಮುಂದ ಇರ್ತಾಳ."

ಟಿಕೋಟಾದವರ ಸಕ್ಕರೆಗಿಂತ ಈ ಮಾತು ನನ್ನನ್ನು ಹೆಚ್ಚು ಹೆದರಿಸಿತು. ಕೈಗೆ ಸಿಕ್ಕ ಹಿತ್ತಾಳೆಯ ಮುಚ್ಚಳ ಬೀಸಿ ಒಗೆದೆ. ಅದು ಓಣಿಯಲ್ಲಿ ಉರುಳಿಕೊಂಡು ಹೋಗಿ ಒಂದು ಆಟೋದ ಗಾಲಿಗೆ ತಾಗಿ ಬಿತ್ತು. ಇಡೀ ಓಣಿ ನಮ್ಮ ಕಡೆ ತಿರುಗಿ ನೋಡಿತು. ಗಂಡ ತಾವೇ ಹೋಗಿ ಮುಚ್ಚಳ ಹೆಕ್ಕಿಕೊಂಡು ಬಂದರು, ಮತ್ತೆ ಆ ಮಾತು ಎತ್ತಲಿಲ್ಲ. ಆದರೆ ಆಡಿದ ಮಾತನ್ನು ವಾಪಸೂ ತೆಗೆದುಕೊಳ್ಳಲಿಲ್ಲ.

ವೈನಿಗೆ ಫೋನಿನಲ್ಲೇ ಹೇಳಿದೆ, ಇಂಥ ಆಟ ಬೇಡ ಎಂದು. ಅವಳು ನಕ್ಕಳು. ಪಂಚಮಿ ಬಂತು. ಪ್ರತಿ ವರ್ಷ ತವರಿನಿಂದ ನನಗೆ ಸೀರೆ, ಮಗಳಿಗೆ ಫ್ರಾಕು, ಒಂದು ಡಬ್ಬಿ ಉಂಡಿ ಬರುತ್ತವೆ. ಈ ಸಲ ಫ್ರಾಕು ಇರಲಿಲ್ಲ. ಸಣ್ಣ ಅಂಚಿನ ಹಸಿರು ಇಳಕಲ್ ಸೀರೆ ಇತ್ತು, ಜೊತೆಗೆ ಹಸಿರು ಬಳೆ. ಬಳೆಯ ಅಳತೆ ನನ್ನ ಮಗಳದ್ದು. ಅವಳು ಸೀರೆಯನ್ನು ಬಿಚ್ಚಿ ನೋಡಿದಳು, ಮಡಿಕೆ ಕೆಡದಂತೆ ಮತ್ತೆ ಮಡಚಿದಳು, ತನ್ನ ಸಾಲಿ ಬಟ್ಟೆಯ ಕಪಾಟಿನಲ್ಲಿಟ್ಟಳು.

"ಸೀರಿ ಮುಟ್ಟೇತಿ ಅಂತ ಮಾಮಿಗಿ ಫೋನ್ ಮಾಡು," ಅಂದಳು.

ಮರುದಿನ ಬೆಳಿಗ್ಗೆ ಸೀರೆ ಬಳೆ ಚೀಲಕ್ಕೆ ಹಾಕಿಕೊಂಡು, ಅವಳನ್ನೂ ಕರೆದುಕೊಂಡು ಟಿಕೋಟಾದ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಕಂಬ, ತಂತಿ, ತಂತಿಗೆ ಕಟ್ಟಿದ ಬಳ್ಳಿ. ನಾನು ಹುಟ್ಟಿ ಬೆಳೆದ ಸೀಮೆ ಅದು, ಆದರೂ ಅವತ್ತು ಆ ಬಳ್ಳಿಗಳನ್ನು ನೋಡಲು ಮನಸ್ಸಾಗಲಿಲ್ಲ. ಮಗಳು ಕಿಟಕಿಯ ಕಡೆ ಕೂತಿದ್ದಳು. ಬಸ್ಸು ಇಳಿಯುವ ಮೊದಲು ಓಢಣಿಯನ್ನು ತಲೆಯ ಮೇಲೆ ಎಳೆದುಕೊಂಡಳು. ಬಿಸಿಲಿಗೆ ಇರಬೇಕು ಎಂದು ನನಗೆ ನಾನೇ ಹೇಳಿಕೊಂಡೆ.

ಅಣ್ಣ ತೋಟದಲ್ಲಿದ್ದ. ಪಡಸಾಲೆಯಲ್ಲಿ ಅವ್ವ, ವೈನಿ ಇದ್ದರು. ನಾನು ಚೀಲವನ್ನು ಅವರ ಮುಂದಿಟ್ಟೆ.

"ಇದನ್ನ ವಾಪಸ ತಗೋರಿ. ನನ್ನ ಮಗಳನ್ನ ನಾ ಯಾರಿಗೂ ಕೊಟ್ಟಿಲ್ಲ."

"ಈಗ ಕೊಡಂತ ಯಾರ ಕೇಳ್ಯಾರ?" ವೈನಿಯ ದನಿ ಬೆಣ್ಣೆಯಂತಿತ್ತು. "ಕಲೀಲಿ. ಹದಿನೆಂಟ ತುಂಬ್ಲಿ. ಕಾಯ್ದೆ ನಮಗೂ ಗೊತ್ತೈತಿ. ಮಾತ ಒಂದ ಇರ್ಲಿ ಅಂತ ಅಷ್ಟ."

"ಮಾತ ಯಾರ ಕೊಟ್ಟಾರ?"

"ನೀನ ಸಕ್ಕರಿ ತಿಂದೀದಿ," ಎಂದಳು ಅವ್ವ. ನನ್ನ ಅವ್ವ. ಎಷ್ಟು ಶಾಂತವಾಗಿ ಅಂದಳೆಂದರೆ, ಅವಳಿಗೆ ಇದು ಮೋಸ ಎಂಬುದು ಕನಸಿನಲ್ಲೂ ಹೊಳೆದಿರಲಿಲ್ಲ. "ನಿನ್ನ ಮಗಳು ತನ್ನ ಬಾಯಿಲೆ ಹೆಸರ ಹೇಳ್ಯಾಳ. ಊರ ಹೆಂಗಸೂರೆಲ್ಲಾ ಕೇಳ್ಯಾರ. ಹಸರ ಬಳಿ ಹೊಳ್ಳಿ ಕೊಡಬ್ಯಾಡವಾ ತಂಗಿ."

ಅಷ್ಟರಲ್ಲಿ ಅಣ್ಣನ ಮಗ ಅಂಗಳಕ್ಕೆ ಬಂದು, ಅತ್ತಿ ಯಾವಾಗ ಬಂದ್ರಿ ಎಂದು ನಗುತ್ತ ನಿಂತ. ಅವನಿಗೆ ಏನೂ ಅನಿಸಿದಂತಿರಲಿಲ್ಲ. ನನಗೆ ಆ ಕ್ಷಣಕ್ಕೆ ಒಂದೇ ದಾರಿ ಹೊಳೆಯಿತು. ಮಗಳನ್ನು ಮುಂದೆ ತಳ್ಳಿದೆ.

"ಕರಿ ಅವನ್ನ. ಮೊದಲ ಹೆಂಗ ಕರೀತಿದ್ದಿ, ಹಂಗ ಕರಿ. ಹೆಸರ ಹಿಡದ ಕರಿ!"

ಅವಳು ನನ್ನನ್ನು ನೋಡಿದಳು. ಅವ್ವನನ್ನು ನೋಡಿದಳು. ಓಢಣಿಯನ್ನು ಇನ್ನಷ್ಟು ಮುಂದೆ ಎಳೆದುಕೊಂಡು, ನೆಲ ನೋಡುತ್ತ, ಒಂದೇ ದನಿಯಲ್ಲಿ ಶುರು ಮಾಡಿದಳು.

"ಹಂದರದ ಬಳ್ಳಿಗಿ ಹಸರ ಗೊಂಚಲ ನೂರ..."

ಎರಡನೆಯ ಸಾಲಿನಲ್ಲಿ ಅವನ ಹೆಸರು ಬಂತು, ಹೆಸರಿನ ಬೆನ್ನಿಗೆ ರಾಯರು ಎಂದು ಬಂತು, ಬಾಗಿಲು ಬಿಟ್ಟು ಸರಿಯಿರಿ ದೂರ ಎಂದು ಪ್ರಾಸ ಮುಗಿಯಿತು. ಹೆಸರು ಹೇಳು ಎಂದು ನಾನೇ ಕೇಳಿದ್ದೆ. ಅವಳಿಗೆ ಆ ಹೆಸರನ್ನು ಬಾಯಲ್ಲಿ ತರಲು ಇನ್ನು ಈ ಒಂದು ದಾರಿ ಮಾತ್ರ ಉಳಿದಿತ್ತು.

ಈ ಸಲ ಯಾರೂ ನಗಲಿಲ್ಲ. ಹುಡುಗನ ಮುಖ ಕೆಂಪಾಗಿ, ಅವನು ಬಂದ ದಾರಿಯಲ್ಲೇ ತಿರುಗಿ ಹೋದ. ಅವ್ವ ಸೆರಗಿನಿಂದ ಕಣ್ಣು ಒತ್ತಿಕೊಂಡು, ಮೊಣಕಾಲಿಗೆ ಕೈಕೊಟ್ಟು ಎದ್ದು ಅಡುಗೆಮನೆಗೆ ಹೋದಳು. ಡಬ್ಬಿಯ ಮುಚ್ಚಳ ತೆಗೆದ ಸಪ್ಪಳ ಕೇಳಿತು. ಹಿಡಿಯಲ್ಲಿ ಸಕ್ಕರೆ ತುಂಬಿಕೊಂಡು ಬಂದು ಮಗಳ ಮುಂದೆ ನಿಂತಾಗ, ನಾನು ಹಿಂದಿನಿಂದ ನನ್ನ ಅಂಗೈಯಿಂದ ಮಗಳ ಬಾಯಿ ಮುಚ್ಚಿದೆ. ಜೋರಾಗಿಯೇ ಮುಚ್ಚಿದೆ. ಸಕ್ಕರೆ ನನ್ನ ಬೆರಳ ಮೇಲಿಂದ ಜಾರಿ ಹೊಸ ಮನೆಯ ಟೈಲ್ಸಿನ ಮೇಲೆ ಚೆಲ್ಲಿತು.

"ಲಕ್ಷ್ಮೀನ ಚೆಲ್ಲಿದಿ ನೀ," ಎಂದಳು ಅವ್ವ.

ಮಗಳ ಬಾಯಿ ಬಿಡದೆ ಅವಳನ್ನು ಹಾಗೇ ಅಂಗಳದವರೆಗೆ ನಡೆಸಿಕೊಂಡು ಬಂದೆ. ಚೀಲ ಅಲ್ಲೇ ಉಳಿಯಿತು.

ಅದಾದ ಮೇಲೆ ರವಿವಾರದ ಫೋನು ನಿಂತಿತು. ಅವ್ವ ಸರಿಯಾಗಿ ಊಟ ಮಾಡುತ್ತಿಲ್ಲ ಎಂದು ಅವರಿವರ ಬಾಯಿಂದ ಸುದ್ದಿ ಬರತೊಡಗಿತು. ಅಂಗಡಿಗೆ ಬಂದ ಟಿಕೋಟಾ ಕಡೆಯ ಹೆಂಗಸರು ಪಾತ್ರೆ ನೋಡುವ ನೆಪದಲ್ಲಿ ನನ್ನ ಮುಖ ನೋಡುತ್ತಿದ್ದರು. ಹೆತ್ತ ತಾಯಿಯ ಅನ್ನ ಬಿಡಿಸಿದವಳು ಎಂದು ಗಂಡನ ಕಿವಿಗೂ ಯಾರೋ ಹಾಕಿದ್ದರು. ನನಗೆ ಅವ್ವನ ನೆನಪಾಗಿ ಕರುಳು ಕಿತ್ತು ಬರುತ್ತಿತ್ತು, ಅವಳ ಮೇಲಿನ ಸಿಟ್ಟೂ ಇಳಿದಿರಲಿಲ್ಲ. ಮಗಳು ರೊಟ್ಟಿ ಬಡಿಯುವುದನ್ನು ಬಿಟ್ಟಳು. ಅದೂ ಅಟ್ಟಕ್ಕೆ ಹೋಯಿತು ಎಂದುಕೊಂಡೆ. ಈಗ ಅವಳು ಏನೂ ಮಾಡದೆ ಸುಮ್ಮನೆ ಗ್ಯಾಲರಿಯಲ್ಲಿ ನಿಂತು ಓಣಿ ನೋಡುತ್ತಿದ್ದಳು. ನಾನು ಯಾವ ಕ್ಲಾಸಿನ ಮಾತನ್ನೂ ಎತ್ತಲಿಲ್ಲ. ಚಹಾ ಮಾಡಿ ಕೊಡುವಾಗ, ಪ್ರತಿ ಸಲ, ಸಕ್ಕರೆ ಹಾಕಲೋ ಬೇಡವೋ ಎಂದು ಕೇಳುತ್ತಿದ್ದೆ. ನೀ ಹೇಳಿದಂಗ ಎಂಬ ಉತ್ತರವೇ ಬರುತ್ತಿತ್ತು.

ಮಹಾನವಮಿಯ ಹೊತ್ತಿಗೆ ಅಣ್ಣ ಬಂದ. ಒಬ್ಬನೇ ಬಂದ. ಒಂದು ಡಬ್ಬಿ ಒಣದ್ರಾಕ್ಷಿ, ಒಂದು ಡಬ್ಬಿ ಪೇಢೆ, ಅದೇ ಚೀಲ. ಚೀಲವನ್ನು ಕುರ್ಚಿಯ ಪಕ್ಕ ಇಟ್ಟುಕೊಂಡ. ನನ್ನ ಗಂಡ ಎದ್ದು ನಿಂತು ಆದರದಿಂದ ಕೂರಿಸಿದರು.

"ಅವ್ವ ಅನ್ನ ಬಿಟ್ಟಾಳ ತಂಗಿ," ಎಂದ ಅಣ್ಣ. ಅವನು ಕೆಟ್ಟವನಲ್ಲ, ಚಿಕ್ಕಂದಿನಲ್ಲಿ ನನ್ನನ್ನು ಹೆಗಲ ಮೇಲೆ ಹೊತ್ತುಕೊಂಡು ಸಾಲಿಗೆ ಬಿಟ್ಟವನು. "ಒಂದ ಮಾತಿಗಿ ಇಷ್ಟ ಯಾಕ? ಮುಂದ ಯಾರ ಕಂಡಾರ? ಇವತ್ತ ಹಬ್ಬ. ಸಿಹಿ ತಿಂದ ಮುಗಸೂಣು."

ಗಂಡ ನನ್ನ ಕಡೆ ನೋಡಿದರು. ಆ ನೋಟದಲ್ಲಿ ಬೇಡಿಕೆ ಇತ್ತು. ನಾನು ಬಾಯಿ ತೆರೆಯುವ ಮೊದಲೇ ಅಣ್ಣ ಡಬ್ಬಿ ಬಿಚ್ಚಿ, ಒಂದು ಪೇಢೆ ಹಿಡಿದು, ಗ್ಯಾಲರಿಯ ಬಾಗಿಲಲ್ಲಿ ನಿಂತಿದ್ದ ಮಗಳ ಹತ್ತಿರ ಹೋಗಿದ್ದ. ನಾನು ಅಡುಗೆಮನೆಯ ಬಾಗಿಲಲ್ಲಿದ್ದೆ. ನನ್ನ ಅಂಗೈ ಅಷ್ಟು ದೂರ ಮುಟ್ಟುವುದಿಲ್ಲ. ನೀ ಹೇಳಿದಂಗ ಎನ್ನುತ್ತಾಳೆ, ಬಾಯಿ ತೆರೆಯುತ್ತಾಳೆ ಎಂದುಕೊಂಡೆ.

"ಆಽ ಅನ್ನು ನಮ್ಮವ್ವಾ," ಎಂದ ಅಣ್ಣ.

"ಬ್ಯಾಡ್ರಿ ಮಾಮಾ," ಅಂದಳು.

"ಹಬ್ಬದ ಸಿಹಿ ಬೇ ಇದು."

"ಬ್ಯಾಡ." ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡಳು. ಆಮೇಲೆ ಅಣ್ಣನ ಮಗನ ಹೆಸರು ಹೇಳಿದಳು. ಒಡಪಿಲ್ಲ, ರಾಯರು ಇಲ್ಲ, ಬರೀ ಹೆಸರು, ಓಣಿಯಲ್ಲಿ ಗೆಳತಿಯನ್ನು ಕೂಗುವ ಹಾಗೆ. "ಅವಗೂ ಬ್ಯಾಡಂತ ಹೇಳ್ರಿ."

ಅಣ್ಣ ಪೇಢೆಯನ್ನು ಡಬ್ಬಿಗೆ ಹಾಕಿ ಮುಚ್ಚಿದ. ಸಣ್ಣಾಕಿ, ಇನ್ನ ತಿಳಿಯೂದಿಲ್ಲ ಎಂದು ನನ್ನ ಗಂಡನಿಗೆ ಹೇಳಿ ಮೆಟ್ಟಿಲು ಇಳಿದು ಹೋದ. ಹಸಿರು ಸೀರೆಯ ಚೀಲ ಕುರ್ಚಿಯ ಪಕ್ಕದಲ್ಲೇ ಇತ್ತು. ಗಂಡ ಅದನ್ನು ಎತ್ತಿ ಕಪಾಟಿನ ಕಡೆ ನಡೆದರು, ಮಗಳು ಅಡ್ಡ ಬಂದು ಚೀಲ ಕಸಿದುಕೊಂಡಳು. ತಾನೇ ಏಣಿ ತಂದು ಅಟ್ಟಕ್ಕೆ ಹಚ್ಚಿದಳು. ನಾನು ಏಣಿ ಹಿಡಿದುಕೊಂಡು ನಿಂತೆ.